ಗೇಟು ಅಂದರೆ ಯಾವ ಗೇಟು

2025ರ ಜೂನ್ 16, ಸೋಮವಾರ, ಬೆಳಿಗ್ಗೆ 10.40. ಮದ್ದೂರಿನ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಾಕೆ ಕೂತಳು, ಇನ್ನೊಬ್ಬಳು ಕೂರಲಿಲ್ಲ. ಕೂತವಳು ತಾಯಿ ಚಿಕ್ಕಬೋರಮ್ಮ. ಮಳವಳ್ಳಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದ ಸಿಟ್ಟನ್ನೆಲ್ಲ ಕುರ್ಚಿಯ ಮೇಲೆ ಇಳಿಸಿದಳು. ನಿಂತವಳು ಮಗಳು ಗಗನ, ಇಪ್ಪತ್ಮೂರು ವರ್ಷ. ತೊಟ್ಟಿದ್ದು ಚೂಡಿದಾರವಾದರೂ ಹಿಮ್ಮಡಿ ಕೂಡಿಸಿ, ಕೈ ಬೆನ್ನ ಹಿಂದೆ ಕಟ್ಟಿ, ಗೋಡೆಯ ಮೇಲಿನ ಒಂದು ಬಿಂದುವನ್ನೇ ನೋಡುತ್ತಿದ್ದಳು.

ಇನ್‌ಸ್ಪೆಕ್ಟರ್ ಶೋಭಿತಾ ತಲೆಯೆತ್ತಿದರು. ಠಾಣೆಗೆ ಬಂದವರು ಸಾಮಾನ್ಯವಾಗಿ ಬಾಗಿಲಿಗೆ ಒರಗುತ್ತಾರೆ, ಇಲ್ಲವೇ ಮೇಜಿನ ಮೇಲೆ ಮೊಣಕೈ ಊರುತ್ತಾರೆ. ಹೀಗೆ ನಿಲ್ಲುವವರನ್ನು ಅವರು ಹನ್ನೊಂದು ವರ್ಷದ ಸರ್ವೀಸಿನಲ್ಲಿ ಎರಡು ಬಗೆ ಕಂಡಿದ್ದರು: ಎನ್‌ಸಿಸಿ ಮೇಷ್ಟ್ರು ಮತ್ತು ಮಿಲಿಟರಿಯವರು.

"ಯಾವ ಯೂನಿಟ್ಟು?"

ಹುಡುಗಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಹೇಳಿದಳು. ಅಗ್ನಿವೀರ್, ಮಿಲಿಟರಿ ಪೊಲೀಸ್, ನಾಲ್ಕು ವರ್ಷದ ನೌಕರಿಯಲ್ಲಿ ಮೂರನೇ ವರ್ಷ. ಉತ್ತರದ ಕಡೆಯ ಒಂದು ಕಂಟೋನ್ಮೆಂಟು.

"ನಾನೂ ಪೊಲೀಸೇ ಮೇಡಂ. ಅದ್ಕೇ ಬರಕ್ಕೆ ಇಷ್ಟ್ ದಿನ ನಾಚ್ಕೆ ಆಯ್ತು."

"ಅವ್ರಪ್ಪನ್ನೂ ಬಾ ಅಂದೆ ಕಣವ್ವ," ಎಂದಳು ಚಿಕ್ಕಬೋರಮ್ಮ. "ಎಮ್ಮೆ ಈಯಂಗೈತೆ, ಬರಕ್ಕಾಗಕಿಲ್ಲ ಅಂದ. ಆ ಎಮ್ಮೆ ಓದ್ ತಿಂಗ್ಳೇ ಈದೈತೆ."

ಶೋಭಿತಾ ರೈಟರ್ ಮರಿಸಿದ್ದಯ್ಯನವರ ಕಡೆ ನೋಡಿದರು. ಹೆಡ್ ಕಾನ್‌ಸ್ಟೆಬಲ್ ಮರಿಸಿದ್ದಯ್ಯನವರಿಗೆ ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಕಣ್ಣಿನ ಭಾಷೆ ಬಾಯಿಪಾಠವಾಗಿತ್ತು. ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಆಚೆ ಹೋದರು. ಮಹಿಳಾ ಪೇದೆ ದೀಪಿಕ ವಿಡಿಯೊ ಹಚ್ಚಿದಳು. 11.05ಕ್ಕೆ ಹೇಳಿಕೆ ಶುರುವಾಯಿತು.

ಆರೋಪಿ ನಾಯಬ್ ಸುಬೇದಾರ್ ಪುಟ್ಟರಾಜು, ನಲವತ್ತಮೂರು ವರ್ಷ, ಬಸರಾಳಿನವನು, ಅದೇ ಯೂನಿಟ್ಟು. ಗಗನಳ ತುಕಡಿಗೆ ಮೇಲಿನವನು. ಯೂನಿಟ್ಟಿನಲ್ಲಿ ಅವಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ ಒಬ್ಬನೇ ಒಬ್ಬ. 'ಊಟ ಆಯ್ತೇನವ್ವ' ಎಂದು ಕೇಳುತ್ತಿದ್ದವನೂ ಅವನೇ. ಫೆಬ್ರವರಿಯಲ್ಲಿ ಇಬ್ಬರೂ ರಜೆಯ ಮೇಲೆ ಬಂದಿದ್ದರು. ಒಂದೇ ಜಿಲ್ಲೆಯ ಸಿಪಾಯಿಗಳು ಒಬ್ಬರ ಸಾಮಾನನ್ನು ಇನ್ನೊಬ್ಬರು ಊರಿಗೆ ತಂದುಕೊಡುವುದು ವಾಡಿಕೆ. ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 11.12ಕ್ಕೆ ಅವನಿಂದ ಫೋನು ಬಂತು: "ನಿನ್ ಟ್ರಂಕು ತಂದಿವ್ನಿ. ಗೇಟ್ ತಾವ್ಕೆ ಬಾ."

ಅವಳು ಬಸ್ಸಿಳಿದು, ಅವನಿಗೆ ಸೆಲ್ಯೂಟ್ ಹೊಡೆದು, ಟ್ರಂಕು ಒಳಗಿದೆ ಎಂದ ಕೋಣೆಗೆ ಹೋದಳು. ಟ್ರಂಕು ಇರಲಿಲ್ಲ. ಅಲ್ಲಿ ನಡೆದದ್ದನ್ನು ಅವಳು ಏಳು ವಾಕ್ಯಗಳಲ್ಲಿ ಹೇಳಿದಳು. ಆ ಏಳು ವಾಕ್ಯಗಳು ಹೇಳಿಕೆಯ ಎರಡನೇ ಪುಟದಲ್ಲಿವೆ; ಅಲ್ಲೇ ಇರಲಿ. ಎಂಟನೆಯದು ಅವಳು ಬೇಡ ಎಂದದ್ದರ ಲೆಕ್ಕ: ನಾಲ್ಕು ಸಲ. ಒಂಬತ್ತನೆಯದು ಅವನ ಮಾತು: "ನಾಕ್ ವರ್ಸ ಆದ್ಮೇಲೆ ಯಾರ್ನ ಉಳಿಸ್ಕೋಬೇಕು ಅಂತ ರಿಪೋರ್ಟು ಬರ್ಯೋನು ನಾನೇ, ಗ್ಯಾಪ್ಕ ಇಟ್ಕೋ."

ಶೋಭಿತಾ ನಡುವೆ ಎಲ್ಲೂ 'ಯಾಕೆ ಕೂಗಲಿಲ್ಲ' ಎಂದು ಕೇಳಲಿಲ್ಲ. ಕೇಳಿದ್ದು ಇಷ್ಟು: "ಆ ಕೋಣೆ ಒಳಗೆ ಏನೇನು ಇತ್ತು, ನೆನಪಿದ್ದರೆ ಹೇಳಿ."

"ಕಬ್ಬಿಣದ ಮಂಚ. ಒಂದ್ ಮೂಟೆ ಸುಣ್ಣ. ಗೋಡೆ ಮೇಲೆ ಎತ್ತರ ಅಳಿಯೋ ಪಟ್ಟಿ, ಪೇಂಟಲ್ಲಿ ಬರ್ದಿತ್ತು. ನೂರ ಅರವತ್ತೊಂದು ಎರಡ್ ಸಲ ಬರ್ದವ್ರೆ ಮೇಡಂ. ಅರವತ್ತೆರಡು ಇಲ್ಲ. ನಾನ್ ಅದ್ನೇ ನೋಡ್ತಿದ್ದೆ."

ಮಾರ್ಚ್ 3ರಂದು ಗಗನ ಯೂನಿಟ್ಟಿನಲ್ಲಿ ದೂರು ಕೊಟ್ಟಿದ್ದಳು, ತನಗೆ ಬರುವಷ್ಟು ಹಿಂದಿಯಲ್ಲಿ. ಹನ್ನೊಂದು ದಿನದಲ್ಲಿ ವಿಚಾರಣೆ ಮುಗಿದು ದೂರು ಸುಳ್ಳೆಂದು ತೀರ್ಮಾನವಾಯಿತು. ಈಗ ರಜೆಯಲ್ಲಿ ಊರಿಗೆ ಬಂದಿದ್ದವಳಿಗೆ ನೋಟಿಸು ಬಂದಿತ್ತು: ಸುಳ್ಳು ದೂರು ಕೊಟ್ಟದ್ದಕ್ಕೆ ಸೇವೆಯಿಂದ ಏಕೆ ತೆಗೆಯಬಾರದು, ಜೂನ್ 30ರೊಳಗೆ ಉತ್ತರಿಸತಕ್ಕದ್ದು.

ದೀಪಿಕ ಆ ಇಂಗ್ಲಿಷ್ ನೋಟಿಸನ್ನು ಓದಿ ಕನ್ನಡದಲ್ಲಿ ಹೇಳತೊಡಗಿದಳು. "ಫೆಬ್ರವರಿ ಒಂಬತ್ತರಂದು ಯೂನಿಟ್ಟಿನ ಮುಖ್ಯ ಗೇಟಿಗೆ ಕರೆಸಿಕೊಂಡು, ಗೇಟಿನ ಪಕ್ಕದ ಕೋಣೆಯಲ್ಲಿ ಅಂತ ದೂರಿದೆ. ಗೇಟಿನ ರಿಜಿಸ್ಟರ್ ಪರಿಶೀಲಿಸಲಾಗಿ, ಆ ದಿನ ಇಬ್ಬರೂ ರಜೆಯಲ್ಲಿದ್ದು, ಗೇಟಿನಲ್ಲಿ ಇದ್ದುದಕ್ಕೆ ದಾಖಲೆ ಇಲ್ಲ. ಆದ್ದರಿಂದ..."

"ನಿಲ್ಸು," ಎಂದರು ಶೋಭಿತಾ. "ಯಾವ ಗೇಟು?"

"ಯೂನಿಟ್ ಮೇನ್ ಗೇಟ್ ಅಂತ ಐತೆ ಮೇಡಂ."

ಗಗನ ಮೊದಲ ಸಲ ಗೋಡೆಯಿಂದ ಕಣ್ಣು ಕಿತ್ತಳು. "ಮೇನ್ ಗೇಟ್ ಯಾಕೆ? ನಾನ್ ಗೇಟು ಅಂತ ಬರ್ದಿದ್ದು. ಒನ್ನೆಕೊಪ್ಪಲು ಗೇಟು, ಅವ್ರು ಕ್ಯಾಂಪ್ ಮಾಡ್ತಿರೋ ತಾವು."

"ಊರಿನ ಹೆಸರು ಬರೆದಿದ್ರಾ?"

"ಇಲ್ಲ... ಗೇಟ್ ಪರ್ ಬುಲಾಯಾ ಅಂತ ಬರ್ದೆ. ವಿಚಾರ್ಣೇಲಿ 'ಗೇಟ್‌ಗೆ ಕರ್ದಿದ್ದು ಹೌದೋ ಅಲ್ವೋ, ಅಷ್ಟೇ ಹೇಳು' ಅಂದ್ರು. ಹೌದು ಅಂದೆ."

ಮಂಡ್ಯ ಜಿಲ್ಲೆಯಲ್ಲಿ ಗೇಟ್ ಎಂಬಲ್ಲಿ ಗೇಟ್ ಇರುವುದಿಲ್ಲ. ದೊಡ್ಡ ರಸ್ತೆಯಿಂದ ಹಳ್ಳಿಯ ದಾರಿ ಕವಲೊಡೆಯುವ ಜಾಗಕ್ಕೆ ಆ ಹಳ್ಳಿಯ ಗೇಟ್ ಎಂದು ಹೆಸರು. ಒಂದು ತಂಗುದಾಣ, ಒಂದು ಎಳನೀರಿನ ರಾಶಿ, ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು. ಬಾಗಿಲಿಲ್ಲ, ಕಂಬವಿಲ್ಲ, ರಿಜಿಸ್ಟರಂತೂ ಇಲ್ಲವೇ ಇಲ್ಲ. ಇಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕೆಂದೇ ಹೊಳೆಯುವುದಿಲ್ಲ. ಉತ್ತರದ ಗುಮಾಸ್ತರಿಗೆ ಕೇಳಬೇಕೆಂದು ಹೊಳೆಯಲಿಲ್ಲ. ಹೀಗೆ ಇಬ್ಬರಿಗೂ ಹೊಳೆಯದ ಒಂದು ಮಾತಿನಿಂದ ಒಬ್ಬ ಹುಡುಗಿ ಸುಳ್ಳುಗಾತಿಯಾಗಿದ್ದಳು.

ಎಳನೀರು ಮಾರುವವರಿಗೂ ತಿಳಿದ ವಿಷಯ ಇನ್ನೊಬ್ಬನಿಗೆ ತಿಳಿದಿರಲೇಬೇಕಿತ್ತು. ಶೋಭಿತಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಪುಟ್ಟರಾಜುವೂ ವಿಚಾರಣೆಯಲ್ಲಿ ಕೂತಿದ್ದ. ಬಸರಾಳಿನವನು.

ಮಧ್ಯಾಹ್ನ 12.55ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 64(2) ಮತ್ತು 351. ಮರಿಸಿದ್ದಯ್ಯ ಪೆನ್ನಿನ ಮುಚ್ಚಳ ಹಾಕುವ ಮೊದಲು ಗಂಟಲು ಸರಿಮಾಡಿಕೊಂಡರು.

"ಮೇಡಂ, ಮಿಲ್ಟ್ರಿಯೋರ್ ಮೇಲೆ ನಾವ್ ಆಕ್ಬೋದಾ?"

"ಜಾಗ ಯಾರ್ದು ಮರಿಸಿದ್ದಯ್ಯ?"

"ನಮ್ದೇ. ನಮ್ ಬೀಟೇ."

"ಹಾಗಾದ್ರೆ ಹಾಕಿ. ಯಾವ ಕೋರ್ಟು ವಿಚಾರಿಸ್ಬೇಕು ಅನ್ನೋದು ಆಮೇಲಿನ ಪತ್ರವ್ಯವಹಾರ. ತನಿಖೆ ಮಾಡಬೇಡಿ ಅಂತ ಯಾವ ಪುಸ್ತಕದಲ್ಲೂ ಇಲ್ಲ. ಆನ್‌ಲೈನಿಗೆ ಹಾಕ್ಬೇಡಿ, ಸೂಕ್ಷ್ಮ ಪ್ರಕರಣ. ಪೇಪರಿನವರು ಕೇಳಿದ್ರೆ?"

"ಎಮ್ಮೆ ಕಳ್ಳತನ ಅಂತೀನಿ ಮೇಡಂ."

ಹೊರಗೆ ಕೂತಿದ್ದ ಚಿಕ್ಕಬೋರಮ್ಮನಿಗೆ ಅದು ಕೇಳಿಸಿತು. "ಸರ್ಯಾಗ್ ಏಳಿದ್ರಿ ಬುಡಿ," ಎಂದಳು.

ಅದೇ ಸಂಜೆ ದೀಪಿಕ ಇಬ್ಬರನ್ನೂ ಮಂಡ್ಯಕ್ಕೆ ಕರೆದೊಯ್ದಳು. ನಾಲ್ಕು ತಿಂಗಳ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಸಿಗುವುದು ಕಡಿಮೆ. ಆದರೂ ನಿಯಮದಂತೆ ಆಯಿತು. ಅಲ್ಲಿಂದ ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ. ಆಪ್ತಸಮಾಲೋಚಕಿ ರಂಜಿತ ಮೊದಲು ಕೇಳಿದ್ದು ಊಟ ಆಗಿದೆಯಾ ಎಂದು. ಆ ಪ್ರಶ್ನೆಗೆ ಗಗನ ಬೆಚ್ಚಿಬಿದ್ದದ್ದನ್ನು ನೋಡಿ, ಯಾಕೆಂದು ಕೇಳದೆ, ಮತ್ತೆ ಆ ಮಾತೆತ್ತದೆ ತಟ್ಟೆ ತಂದಿಟ್ಟಳು.

"ನಾನೇ ಸೆಲ್ಯೂಟ್ ಒಡ್ದು ಒಳಕ್ ಓದೆ ಅಕ್ಕಾ," ಎಂದಳು ಗಗನ ತಟ್ಟೆ ಪಕ್ಕಕ್ಕೆ ಸರಿಸಿ. "ಯಾರೂ ಎಳ್ಕೊಂಡೋಗ್ಲಿಲ್ಲ."

"ಟ್ರಂಕು ತಗೊಳಕ್ಕೆ ಹೋದೆ. ಬೇರೆ ಯಾವುದಕ್ಕೂ ನೀನು ಹೋಗಲಿಲ್ಲ. ಅದನ್ನ ಹಾಗೇ ಇಟ್ಟುಕೋ. ಯಾರು ಏನೇ ಕೇಳಿದ್ರೂ, ನೀನು ಹೋದದ್ದು ಟ್ರಂಕಿಗೆ."

ನೋಟಿಸಿಗೆ ಉತ್ತರ ಬರೆಯಲು ಕಾನೂನು ಸೇವಾ ಪ್ರಾಧಿಕಾರದ ವಕೀಲೆಯೊಬ್ಬರನ್ನು ರಂಜಿತ ಗೊತ್ತುಮಾಡಿಕೊಟ್ಟಳು. ತನ್ನ ಫೋನ್ ನಂಬರನ್ನು ಗಗನಳಿಗೂ ಅವಳ ತಾಯಿಗೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಟ್ಟಳು. "ಮಗಳು ನಿಮ್ಮತ್ರ ಹೇಳ್ದೇ ಇರೋದು ಇರ್ತದೆ, ನೀವು ಮಗಳತ್ರ ಹೇಳ್ದೇ ಇರೋದೂ ಇರ್ತದೆ. ಇಬ್ಬರೂ ಫೋನ್ ಮಾಡ್ಬೋದು."

ಜೂನ್ 17ರಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಯಿತು. ಏಳು ವಾಕ್ಯ ಏಳೇ ಇತ್ತು, ಕೂಡಲೂ ಇಲ್ಲ, ಕಳೆಯಲೂ ಇಲ್ಲ.

ಜೂನ್ 18, ಬುಧವಾರ, ಬೆಳಿಗ್ಗೆ 9.30. ಮದ್ದೂರು–ಮಳವಳ್ಳಿ ರಸ್ತೆಯ ಹೊನ್ನೆಕೊಪ್ಪಲು ಗೇಟ್. ತಂಗುದಾಣದ ಹಿಂದೆ ನಿಂತುಹೋದ ಆಲೆಮನೆ, ಅದಕ್ಕೆ ಅಂಟಿದಂತೆ ಒಂದು ಕೋಣೆ, ಮುಂದೆ ಬಯಲು. ಹೊಸ ಬೋರ್ಡು: ಸೈನಿಕ ಭರ್ತಿ ತರಬೇತಿ ಶಿಬಿರ. ಶಿಬಿರ ಪುಟ್ಟರಾಜುವಿನದೇ. ಮುಂದಿನ ವರ್ಷ ನಿವೃತ್ತಿಯಾಗಿ ಇಲ್ಲೇ ನೆಲೆಸುವ ಏರ್ಪಾಟು. ಜೂನ್ 10ರಿಂದ ರಜೆ ಹಾಕಿ ಊರಿಗೆ ಬಂದಿದ್ದ. ಆ ದಿನ ಬೆಳಿಗ್ಗೆ ಯಾವುದೋ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದ. ಕೋಣೆಯ ಬೀಗದ ಕೈ ಆಲೆಮನೆ ಮಾಲೀಕ ಕೆಂಪಸಿದ್ದಯ್ಯನ ಬಳಿಯೂ ಒಂದಿತ್ತು.

ಇಬ್ಬರು ಪಂಚರ ಸಮಕ್ಷಮ ಬಾಗಿಲು ತೆಗೆಯಲಾಯಿತು. ಕಬ್ಬಿಣದ ಮಂಚ ಇತ್ತು. ಸುಣ್ಣದ ಮೂಟೆ ಅರ್ಧವಾಗಿತ್ತು. ಗೋಡೆಯ ಮೇಲೆ ಕೆಂಪು ಬಣ್ಣದ ಅಳತೆ ಪಟ್ಟಿ. ಮರಿಸಿದ್ದಯ್ಯ ಬೆರಳಿಟ್ಟು ಕೆಳಗಿನಿಂದ ಓದುತ್ತ ಬಂದರು.

"ನೂರ ಐವತ್ತೊಂಬತ್ತು. ಅರವತ್ತು. ಅರವತ್ತೊಂದು." ಬೆರಳು ನಿಂತಿತು. "ಅರವತ್ತೊಂದು. ಅರವತ್ಮೂರು."

ಮಿಲಿಟರಿ ಪೊಲೀಸಿಗೆ ಸೇರುವ ಹೆಣ್ಣುಮಕ್ಕಳಿಗೆ ಬೇಕಾದ ಎತ್ತರ ನೂರ ಅರವತ್ತೆರಡು ಸೆಂಟಿಮೀಟರ್. ಆ ಒಂದು ಸಂಖ್ಯೆ ಮಾತ್ರ ಆ ಗೋಡೆಯಲ್ಲಿರಲಿಲ್ಲ.

"ಪೇಂಟ್ ಒಡ್ದೋನು ಯಾವನ್ಲಾ?" ಎಂದರು ಮರಿಸಿದ್ದಯ್ಯ ಆಲೆಮನೆ ಮಾಲೀಕನಿಗೆ.

"ಅವ್ನೇ ಪುಟ್ರಾಜ. ಪೇಂಟ್ರುನ್ ಕರ್ಯೋ ಅಂದ್ರೆ, ಮಿಲ್ಟ್ರೀಲಿ ಎಲ್ಲ ಕಲ್ತಿವ್ನಿ ಅಂದ. ಎಣ್ಸದ್ ಕಲ್ತಂಗಿಲ್ಲ."

"ಈ ರೂಮಿಗೆ ಬೇರೆ ಯಾರು ಬರ್ತಾರೆ?" ಎಂದರು ಶೋಭಿತಾ.

"ಯಾರೂ ಬರಕಿಲ್ಲ. ಫೆಬ್ರವರಿ ಸುರೂನಲ್ಲಿ ಪೇಂಟ್ ಒಡ್ದು ಬೀಗ ಆಕ್ದ. ಉಡುಗ್ರುನ್ನ ಆಚೆ ಬಯಲಲ್ಲೇ ಅಳೀತಾನೆ, ಟೇಪ್ ಇಡ್ಕಂಡು. ಬೀಗದ್ ಕೈ ನಂತಾವ ಒಂದು, ಅವ್ನ್ತಾವ ಒಂದು."

ಪಂಚನಾಮೆ 11.20ಕ್ಕೆ ಮುಗಿಯಿತು. ಪಟ್ಟಿಯ ಫೋಟೊ ಹನ್ನೆರಡು.

ಗೇಟಿನಲ್ಲಿ ಎಳನೀರು ಮಾರುವ ಹೊಂಬಾಳಮ್ಮ ಅಷ್ಟು ಹೊತ್ತೂ ಒಂದೇ ಒಂದು ಕಾಯಿ ಕೊಚ್ಚದೆ ಪೊಲೀಸರನ್ನೇ ನೋಡುತ್ತಿದ್ದಳು. ಶೋಭಿತಾ ಹೋಗಿ ಕಲ್ಲಿನ ಮೇಲೆ ಕೂತರು.

"ಗಂಜಿದಾ, ನೀರಿಂದಾ?"

"ನೀರಿಂದು. ಅಮ್ಮ, ಫೆಬ್ರವರಿಯಲ್ಲಿ ಒಂದು ಭಾನುವಾರ..."

"ನಂಗೊತ್ತು ಕಣವ್ವ, ನೀನ್ ಕೇಳ ಮುಂಚೆನೇ ಗೊತ್ತು. ಎತ್ತರದ್ ಉಡ್ಗಿ. ಬಸ್ ಇಳ್ದು ಮಿಲ್ಟ್ರಿಯೋನ್ಗೆ ಸಲಾಮ್ ಒಡೀತು, ನಗ್ತಾ ನಗ್ತಾ. ಆಮೇಲ್ ಒಂದ್ ಗಂಟೆ ಮೇಲಾಯ್ತು. ಬಂದ್ಬುಟ್ಟು ನನ್ ಬಿಂದ್ಗೆ ನೀರಲ್ಲಿ ಮಕ ತೊಳ್ಕತು. ಎರಡ್ ಬಸ್ಸು ಬುಟ್ತು. ಮೂರನೇದುಕ್ ಅತ್ತಿಸ್ದೆ ನಾನು, ಕಂಡಕ್ಟ್ರುಗೆ ಏಳಿ ಮುಂದ್ಗಡೆ ಸೀಟು ಕೊಡುಸ್ದೆ."

"ದಿನ ಹೇಗೆ ನೆನಪು?"

"ನಮ್ಮಕ್ಕನ ಮೊಮ್ಮಗೀಗೆ ಹೆಸ್ರು ಇಟ್ರು ಅವತ್ತು. ಎಳ್ನೀರ್ ಬಾಕಿ ಅಂತವ ನಾನ್ ಓಗ್ನಿಲ್ಲ. ಇನ್ನೂವೆ ಮಾತಾಡ್ಸಕಿಲ್ಲ ಅವ್ಳು." ಹೊಂಬಾಳಮ್ಮ ಕತ್ತಿಯನ್ನು ಪಕ್ಕಕ್ಕಿಟ್ಟಳು. "ಯಾಕವ್ವ ಏನಾಯ್ತು ಅಂತ ಅವತ್ತೇ ಕೇಳ್ಬೇಕಾಗಿತ್ತು ನಾನು. ಕೇಳ್ನಿಲ್ಲ. ಮಿಲ್ಟ್ರಿಯೋರ್ ಇಚಾರ ನಂಗ್ಯಾಕೆ ಅಂದ್ಕಂಡೆ. ಈಗ ಬರ್ಕೋ, ಎಬ್ಬೆಟ್ಟು ಎಲ್ ಬೇಕಾದ್ರೂ ಆಕ್ತೀನಿ."

ಹೆಸರಿಡುವ ಶಾಸ್ತ್ರದ ಆಮಂತ್ರಣ ಅವಳ ಅಕ್ಕನ ಮನೆಯಲ್ಲಿ ಸಿಕ್ಕಿತು. ಫೆಬ್ರವರಿ 9. ಜೂನ್ 20ಕ್ಕೆ ಮೊಬೈಲ್ ಕರೆಗಳ ವಿವರ ಬಂತು: 11.12ಕ್ಕೆ ಪುಟ್ಟರಾಜುವಿನ ನಂಬರಿಂದ ಗಗನಳಿಗೆ ನಲವತ್ತಾರು ಸೆಕೆಂಡಿನ ಕರೆ. ಅವನ ಫೋನು ಹನ್ನೊಂದರಿಂದ ಮೂರರವರೆಗೆ ಹೊನ್ನೆಕೊಪ್ಪಲಿನ ಟವರಿನಲ್ಲಿ.

ಜೂನ್ 21, ಶನಿವಾರ. ಅಂದು ಯೋಗ ದಿನ. ಬೆಳಿಗ್ಗೆ 6.20ಕ್ಕೆ ಜೀಪು ಶಿಬಿರದ ಬಯಲಿಗೆ ಬಂದಾಗ ಇಪ್ಪತ್ತು ಮಂದಿ ಶವಾಸನದಲ್ಲಿದ್ದರು. ಸಾಲುಗಳ ನಡುವೆ ಟ್ರ್ಯಾಕ್‌ಸೂಟು ತೊಟ್ಟು, ಕೈಯಲ್ಲಿ ಸೀಟಿ ಹಿಡಿದು ಓಡಾಡುತ್ತಿದ್ದ ಪುಟ್ಟರಾಜು ಜೀಪು ಕಂಡು ನಗುತ್ತಲೇ ಬಂದ.

"ಬನ್ನಿ ಮೇಡಂ. ಫೋಟೊಕ್ಕಾ?"

"ಅಲ್ಲ. ಸೀಟಿ ಅವರಲ್ಲಿ ಯಾರಿಗಾದ್ರೂ ಕೊಡಿ. ನಮ್ಮ ಜೊತೆ ಬರಬೇಕು."

ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟು ಸಹಿ ಪಡೆಯಲಾಯಿತು. ಅವನ ತಮ್ಮನಿಗೆ ಫೋನಿನಲ್ಲಿ, ಕಮಾಂಡಿಂಗ್ ಆಫೀಸರಿಗೆ ಇಮೇಲಿನಲ್ಲಿ 6.45ಕ್ಕೆ ತಿಳಿಸಲಾಯಿತು. ಹುಡುಗರು ಹುಡುಗಿಯರು ಇನ್ನೂ ಮಲಗಿಯೇ ಇದ್ದರು. ಏಳಿ ಎಂದು ಹೇಳಬೇಕಾದವನು ಜೀಪಿನಲ್ಲಿದ್ದ. ಕೊನೆಗೆ ದೀಪಿಕ ಹೇಳಿದಳು.

ಠಾಣೆಯಲ್ಲಿ ವಿಚಾರಣೆ 9.10ಕ್ಕೆ ಶುರು.

"ಫೆಬ್ರವರಿ ಒಂಬತ್ತು. ಎಲ್ಲಿದ್ರಿ?"

"ಬಸರಾಳಲ್ಲಿ, ಮನೇಲಿ. ಈ ಕೇಸು ಆಗ್ಲೇ ಮುಗ್ದೋಗದೆ ಮೇಡಂ. ಗೇಟ್ ರಿಜಿಸ್ಟರ್ ನೋಡವ್ರೆ. ನಾನ್ ಇರ್ಲೇ ಇಲ್ಲ."

"ಯಾವ ಗೇಟು?"

"ಯೂನಿಟ್ ಗೇಟು."

"ಅವಳು ಬರೆದ ಗೇಟು ಯಾವುದು ಅಂತ ನಿಮಗೆ ಗೊತ್ತಿರಲಿಲ್ವಾ?"

"ಅವ್ರು ಏನ್ ಕೇಳುದ್ರೋ ಅದುಕ್ ಉತ್ರ ಕೊಟ್ಟೆ."

"ಮೇಜಿನ ಸುತ್ತ ಕೂತವರಲ್ಲಿ ಮಂಡ್ಯದವರು ಎಷ್ಟು ಜನ?"

"ನಾನು, ಅವ್ಳು."

"ಅವಳಿಗೆ ತಪ್ಪು ಆಗಿದೆ ಅಂತ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಯ್ತು."

ಶೋಭಿತಾ ಟವರಿನ ವಿವರವನ್ನು ಮೇಜಿನ ಮೇಲೆ ಇಟ್ಟರು. ಅದರ ಪಕ್ಕದಲ್ಲಿ ಅಳತೆ ಪಟ್ಟಿಯ ಫೋಟೊ. ಟವರಿನ ಕಾಗದವನ್ನು ಅವನು ತಳ್ಳಿಬಿಟ್ಟ. ಫೋಟೊವನ್ನು ಎತ್ತಿ ನೋಡಿದ, ತುಟಿ ಅಲ್ಲಾಡಿಸುತ್ತ ಕೆಳಗಿನಿಂದ ಎಣಿಸಿದ, ಮತ್ತೆ ಎಣಿಸಿದ. ತನ್ನ ತಪ್ಪನ್ನು ಅವನು ನೋಡುತ್ತಿರುವುದು ಅದೇ ಮೊದಲು ಎಂಬುದು ಕಾಣುತ್ತಿತ್ತು.

"ಬೀಗ ಹಾಕಿದ ಕೋಣೆಯ ಗೋಡೆ. ಅವಳು ನಮಗೆ ಹದಿನಾರನೇ ತಾರೀಕು ಹೇಳಿದ್ದು. ನಾವು ನೋಡಿದ್ದು ಹದಿನೆಂಟಕ್ಕೆ."

"ಬಲವಂತ ಮಾಡ್ಲಿಲ್ಲ ಮೇಡಂ," ಎಂದ ಪುಟ್ಟರಾಜು ಕೊನೆಗೆ. ದನಿಯಲ್ಲಿ ಹೆದರಿಕೆಗಿಂತ ಹೆಚ್ಚಾಗಿ, ಇಷ್ಟು ಸಣ್ಣ ವಿಷಯ ಇವರಿಗೆ ಅರ್ಥವಾಗುತ್ತಿಲ್ಲವಲ್ಲ ಎಂಬ ಬೇಸರವಿತ್ತು. "ಆರ್ಡರ್ ಕೊಟ್ಟೆ, ಬಂದ್ಲು. ಆರ್ಡರ್ ಕೊಟ್ಟೆ, ಇದ್ಲು."

ಅಷ್ಟು ಹೇಳಿದ ಮೇಲೆ ಅವನ ಮಾತು ಸಲೀಸಾಯಿತು. ಇಪ್ಪತ್ನಾಲ್ಕು ವರ್ಷ ತಾನು ಯಾರದೋ ಆರ್ಡರಿಗೆ ಎದ್ದು, ಯಾರದೋ ಆರ್ಡರಿಗೆ ಮಲಗಿದವನು. ಮಗನ ವಯಸ್ಸಿನ ಆಫೀಸರುಗಳ ಬೂಟಿನ ಸದ್ದಿಗೆ ಎದೆಯುಬ್ಬಿಸಿ ನಿಂತವನು. ಬಸರಾಳಿಗೆ ಬಂದರೆ ಅಣ್ಣತಮ್ಮಂದಿರು ಕ್ಯಾಂಟೀನಿನ ಬಾಟಲಿ ಎಷ್ಟು ತಂದೆ ಎಂದು ಕೇಳುವರೇ ಹೊರತು ಎದ್ದು ಕುರ್ಚಿ ಕೊಡುವವರಿಲ್ಲ. ಈ ಹುಡುಗಿ ಒಬ್ಬಳು, ಊರಲ್ಲೂ, ಚೂಡಿದಾರದಲ್ಲೂ, ಬಸ್ಸಿಳಿದ ಜಾಗದಲ್ಲೇ ಸೆಲ್ಯೂಟ್ ಹೊಡೆದಳು. ತನ್ನ ಮಾತು ಎಲ್ಲಿಯವರೆಗೆ ನಡೆಯುತ್ತದೆ ನೋಡೋಣ ಎನಿಸಿತು. ಅವನು ಬಳಸಿದ ಮಾತು ಅದೇ: ನೋಡೋಣ ಅನ್ನಿಸ್ತು.

"ನಾಲ್ಕು ಸಲ ಬೇಡ ಅಂದಳು."

"ಅಂದ್ಲು."

ಮರಿಸಿದ್ದಯ್ಯ ಬರೆಯುವುದನ್ನು ನಿಲ್ಲಿಸಿದರು. "ಆರ್ಡರ್ ಅನ್ನೋದ್ನ ಆದೇಶ ಅಂತ ಬರೀಲಾ ಮೇಡಂ?"

"ಅವನ ಬಾಯಲ್ಲಿ ಬಂದ ಹಾಗೇ ಬರೀರಿ. ಇನ್ನೊಬ್ಬರು ಅರ್ಥ ಮಾಡಿ ಬರೆದದ್ದು ಸಾಕು."

ಆರೋಪಿಯನ್ನು ಸಂಜೆ ನ್ಯಾಯಾಲಯಕ್ಕೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಕಳಿಸಲಾಯಿತು. ಎಫ್‌ಐಆರ್, ಪಂಚನಾಮೆ, ಟವರಿನ ವಿವರ ಎಲ್ಲವೂ ಯೂನಿಟ್ಟಿಗೆ ಹೋದವು. ಜೊತೆಗೆ ಶೋಭಿತಾ ಅರ್ಧ ಪುಟದ ಟಿಪ್ಪಣಿ ಬರೆದರು. ಮಂಡ್ಯ ಜಿಲ್ಲೆಯಲ್ಲಿ ಗೇಟ್ ಎಂಬ ಶಬ್ದದ ಅರ್ಥವನ್ನು ಸೈನ್ಯಕ್ಕೆ ಇಂಗ್ಲಿಷಿನಲ್ಲಿ ವಿವರಿಸುವುದು ಅವರಿಗೆ ಮೂರು ಕರಡು ಹಿಡಿಯಿತು. 'ಹೊನ್ನೆಕೊಪ್ಪಲು ಗೇಟ್' ಎಂದು ಅಚ್ಚಾಗಿದ್ದ ಒಂದು ಬಸ್ ಟಿಕೆಟ್ಟಿನ ನಕಲನ್ನೂ ಲಗತ್ತಿಸಿದರು.

ಉತ್ತರ ಜೂನ್ 27ಕ್ಕೆ ಬಂತು. ನೋಟಿಸನ್ನು ಹಿಂಪಡೆಯಲಾಗಿದೆ, ದೂರನ್ನು ಮರುವಿಚಾರಣೆಗೆ ಎತ್ತಿಕೊಳ್ಳಲಾಗಿದೆ, ದೂರುದಾರೆ ಇಚ್ಛಿಸಿದಲ್ಲಿ ಬೇರೆ ತುಕಡಿಗೆ ವರ್ಗ ಕೊಡಲಾಗುವುದು. ಕ್ಷಮೆಯ ಮಾತು ಅದರಲ್ಲಿ ಇರಲಿಲ್ಲ. ಸರ್ಕಾರಿ ಕಾಗದದಲ್ಲಿ ಅದಕ್ಕೆ ನಮೂನೆ ಇಲ್ಲ.

ಮರುದಿನ ಗಗನ ಪತ್ರದ ಪ್ರತಿ ತೆಗೆದುಕೊಳ್ಳಲು ಒಬ್ಬಳೇ ಬಂದಳು. ಎರಡು ಸಲ ಓದಿದಳು. ಜುಲೈ 5ಕ್ಕೆ ಡ್ಯೂಟಿಗೆ ಹಾಜರಾಗುವುದಾಗಿಯೂ, ತುಕಡಿ ಬದಲಾಯಿಸಿಕೊಳ್ಳುವುದಿಲ್ಲವೆಂದೂ ಹೇಳಿದಳು. ಹೋಗಬೇಕಾದವನು ಹೋಗಿದ್ದಾನೆ, ತಾನು ಯಾಕೆ ಹೋಗಬೇಕು ಎಂಬುದು ಅವಳ ಲೆಕ್ಕ. ರಂಜಿತಕ್ಕನಿಗೂ ಹಾಗೇ ಹೇಳಿದ್ದಳಂತೆ.

"ಸುಬೇದಾರ್ರು ಏನಂದ್ರು ಮೇಡಂ? ಒಪ್ಕಂಡ್ರಾ?"

ಶೋಭಿತಾ ಸ್ವಲ್ಪ ಯೋಚಿಸಿದರು. ಮುಚ್ಚಿಡುವುದಕ್ಕೆ ಕಾರಣ ಕಾಣಲಿಲ್ಲ. "ಬಲವಂತ ಮಾಡ್ಲಿಲ್ಲ, ಆರ್ಡರ್ ಕೊಟ್ಟೆ ಅಂದ."

ಗಗನ ಪತ್ರವನ್ನು ನಾಲ್ಕು ಮಡಿಕೆ ಮಾಡಿದಳು.

"ಟ್ರೈನಿಂಗಲ್ಲಿ ಮೊದಲ್ನೇ ವಾರ ಒಂದ್ ಕ್ಲಾಸು ಇರ್ತದೆ ಮೇಡಂ. ಕಾನೂನಿಗೆ ಇರುದ್ದ ಇರೋ ಆರ್ಡರು ಆರ್ಡರೇ ಅಲ್ಲ, ಅದ್ನ ಕೇಳಬಾರ್ದು ಅಂತ. ಬೋರ್ಡ್ ಮೇಲೆ ದೊಡ್ಡ ಅಕ್ಸರದಲ್ಲಿ ಬರ್ಸಿ, ಎದ್ದು ನಿಲ್ಸಿ, ಒಬ್ಬೊಬ್ರ ಬಾಯಲ್ಲೂ ಏಳಿಸ್ತಾರೆ."

"ಹೌದಾ?"

"ನಮ್ ಬ್ಯಾಚ್‌ಗೆ ಆ ಕ್ಲಾಸ್ ತಗೊಂಡೋರು ಆ ಸುಬೇದಾರ್ರೇ."

ಶೋಭಿತಾ ಕೇಸ್ ಡೈರಿಯನ್ನು ಎಳೆದುಕೊಂಡರು. ಮಧ್ಯಾಹ್ನ 12.15, ದೂರುದಾರೆಯ ಹೆಚ್ಚುವರಿ ಹೇಳಿಕೆ ಎಂದು ಬರೆದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಇಳಿಸಿಕೊಂಡರು.